ಬ್ರದರ್ ಅಂದ್ರೆ ಫಾದರ್ ಆಗದೆ ಉಳಿದವರಾ?

ಹೋದ ತಿಂಗಳು ಇದೇ ಅಂಕಣದಲ್ಲಿ ಸಿಂಗಪುರದ ಒಂದು ಹಳೇ ಶಾಲೆಯ ಬಗ್ಗೆ ಎರಡು ಸಾಲು ಬರೆದಿದ್ದೆ. ಕ್ಯಾಥೊಲಿಕ್ ಬ್ರದರ್‌ಗಳು 1852ರಲ್ಲಿ ಶುರು ಮಾಡಿದ ಶಾಲೆ ಅದು ಅಂತ. ಎರಡೇ ಸಾಲು. ಅದಕ್ಕೆ ಬಂದ ಪತ್ರ ನೋಡಿ ನನಗೇ ಆಶ್ಚರ್ಯ, ಬೆಣ್ಣೆ ದೋಸೆ ಬಗ್ಗೆ ಬರೆದಾಗಲೂ ದಾವಣಗೆರೆಯವರು ಇಷ್ಟು ಬರೆದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಮೊದಲೇ ಹೇಳಿಬಿಡ್ತೀನಿ, ನಾನು ಕ್ರೈಸ್ತನಲ್ಲ, ಈ ವಿಷಯದಲ್ಲಿ ಪಂಡಿತನೂ ಅಲ್ಲ. ಬ್ಯಾಂಕ್ ಕೆಲಸದಲ್ಲಿದ್ದಾಗ ಮೂರು ವರ್ಷ ಕೋಲ್ಕತ್ತಕ್ಕೆ ವರ್ಗ ಆಗಿತ್ತು. ನಮ್ಮ ಬೀದಿಯಲ್ಲೇ ಒಬ್ಬ ವಯಸ್ಸಾದ ಐರಿಷ್ ಬ್ರದರ್ ಇದ್ದರು, ಅವರ ಸಂಸ್ಥೆಯ ಖಾತೆ ನಮ್ಮ ಶಾಖೆಯಲ್ಲಿತ್ತು. ಕುತೂಹಲ ಹತ್ತಿದ್ದು ಅಲ್ಲಿ. ಓದಿದ್ದೆಲ್ಲ ಆಮೇಲೆ.

ಪ್ರಶ್ನೆ: ನನ್ನ ಮಗಳು ಓದುವ ಕಾನ್ವೆಂಟಿನಲ್ಲಿ ಫಾದರ್ ಇದ್ದಾರೆ, ಸಿಸ್ಟರ್ ಇದ್ದಾರೆ. ಬ್ರದರ್ ಅಂದ್ರೆ ಯಾರು? ಮುಂದೆ ಫಾದರ್ ಆಗೋರಾ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ನಿಮ್ಮ ಗೊಂದಲಕ್ಕೆ ಕಾರಣ ಇದೆ. ನಮ್ಮ ಕಡೆ ಪಾದ್ರಿ ಆಗಲು ಓದುತ್ತಿರುವ ಹುಡುಗರನ್ನೂ ಬ್ರದರ್ ಅಂತಲೇ ಕರೀತಾರೆ. ಅವರು ಮುಂದೆ ಫಾದರ್ ಆಗ್ತಾರೆ. ನಾನು ಹೇಳುತ್ತಿರುವವರು ಬೇರೆ. ಇವರು ಸಾಯೋವರೆಗೂ ಬ್ರದರ್. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಹಿರಿಯರು ಹೇಳಿದ ಕಡೆ ಹೋಗಬೇಕು – ಈ ಮೂರು ವ್ರತ ತೊಟ್ಟಿರ್ತಾರೆ. ಆದರೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಪೂಜೆ, ಮಾಡಿಸುವ ಹಾಗಿಲ್ಲ, ಪಾಪನಿವೇದನೆ ಕೇಳುವ ಹಾಗಿಲ್ಲ. ಸಿಸ್ಟರ್‌ಗಳು ಹೇಗೋ ಹಾಗೆ, ಗಂಡಸರಲ್ಲಿ ಇವರು. ತಮ್ಮದೇ ಮನೆಯ ಚಾಪೆಲ್‌ನಲ್ಲಿ ಪೂಜೆ ಆಗಬೇಕಾದರೂ ಹೊರಗಿನಿಂದ ಒಬ್ಬ ಫಾದರ್ ಬರಬೇಕು. ಕೋಲ್ಕತ್ತದ ನಮ್ಮ ಬ್ರದರ್ ಮಳೆಗಾಲದ ಬೆಳಿಗ್ಗೆ ಗೇಟಿನ ಹತ್ತಿರ ಕೊಡೆ ಹಿಡಿದು ಫಾದರ್ ದಾರಿ ಕಾಯುತ್ತ ನಿಂತಿರುತ್ತಿದ್ದರು. ಆ ಫಾದರ್‌ಗೆ ಅವರ ಮೊಮ್ಮಗನ ವಯಸ್ಸು.

ಈ ಏರ್ಪಾಟು ಆಕಸ್ಮಿಕ ಅಲ್ಲ, ಬೇಕಂತಲೇ ಮಾಡಿದ್ದು. ಫ್ರಾನ್ಸಿನ ರೀಮ್ಸ್ ಊರಿನಲ್ಲಿ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅಂತ ಒಬ್ಬರಿದ್ದರು, 1651ರಲ್ಲಿ ಹುಟ್ಟಿದವರು. ಶ್ರೀಮಂತ ಮನೆತನ, ಸ್ವತಃ ಪಾದ್ರಿ. ಬಡ ಮಕ್ಕಳ ಶಾಲೆಗೆ ಮೇಷ್ಟ್ರುಗಳನ್ನು ಸೇರಿಸುತ್ತ ಸೇರಿಸುತ್ತ ಅವರನ್ನ ಮನೆಗೇ ಕರೆದು ಊಟಕ್ಕೆ ಕೂರಿಸಿಕೊಂಡರು, ನೆಂಟರೆಲ್ಲ ಮುಖ ತಿರುಗಿಸಿದರು. ಬರಗಾಲ ಬಂದಾಗ ತಮ್ಮ ಆಸ್ತಿಯನ್ನೂ ಹಂಚಿಬಿಟ್ಟರು. ಆ ಮೇಷ್ಟ್ರುಗಳ ಗುಂಪೇ ಬ್ರದರ್‌ಗಳ ಸಂಸ್ಥೆ ಆಯಿತು. ಅವರಲ್ಲಿ ಒಬ್ಬ ಬ್ರದರನ್ನು ಪಾದ್ರಿ ಮಾಡೋಣ ಅಂತ ಓದಿಸುತ್ತಿದ್ದಾಗ ಆತ ತಟ್ಟನೆ ತೀರಿಕೊಂಡ. ಡಿ ಲಾ ಸಾಲ್ ಅದನ್ನ ದೇವರ ಸೂಚನೆ ಅಂತ ತಗೊಂಡರು. ಪಾದ್ರಿಗೆ ಚರ್ಚಿನ ಕೆಲಸವೇ ಸಾಕಷ್ಟಿರುತ್ತೆ, ಶಾಲೆಗೆ ಪೂರ್ತಿ ಮನುಷ್ಯ ಬೇಕು, ಆದ್ದರಿಂದ ನಮ್ಮಲ್ಲಿ ಯಾರೂ ಪಾದ್ರಿ ಆಗೋದು ಬೇಡ ಅಂತ ನಿಯಮ ಮಾಡಿದರು. ಮಕ್ಕಳನ್ನ ಒಬ್ಬೊಬ್ಬರನ್ನೇ ಕರೆದು ಪಾಠ ಹೇಳುವ ಬದಲು ಇಡೀ ಕ್ಲಾಸಿಗೆ ಒಟ್ಟಿಗೆ ಹೇಳೋದು, ಓದು ಕಲಿಸುವಾಗ ಲ್ಯಾಟಿನ್ ಬಿಟ್ಟು ಮಗುವಿನ ಮನೆಮಾತು ಫ್ರೆಂಚಿನಿಂದಲೇ ಶುರು ಮಾಡೋದು, ಇವನ್ನೆಲ್ಲ ಗಟ್ಟಿಯಾಗಿ ಜಾರಿಗೆ ತಂದವರೂ ಅವರೇ. 1950ರಲ್ಲಿ ಪೋಪ್ ಅವರನ್ನ ಶಿಕ್ಷಕರ ಪಾಲಕ ಸಂತ ಅಂತ ಘೋಷಿಸಿದರು.

ಇದೇ ಥರದ ಸಂಸ್ಥೆಗಳು ಇನ್ನೂ ಇವೆ. ಕೋಲ್ಕತ್ತದ ನಮ್ಮ ಬ್ರದರ್ ಇದ್ದ ಸಂಸ್ಥೆ ಶುರುವಾದದ್ದು 1802ರಲ್ಲಿ, ಐರ್ಲೆಂಡಿನ ವಾಟರ್‌ಫರ್ಡಿನಲ್ಲಿ. ಸ್ಥಾಪಕ ಎಡ್ಮಂಡ್ ರೈಸ್ ಒಬ್ಬ ವರ್ತಕ. ನಮ್ಮ ಚೌಕಿಪೇಟೆ ಸಾಹುಕಾರರ ಥರದವರೇ, ಹೆಂಡತಿ ಸತ್ತ ಮೇಲೆ ವ್ಯಾಪಾರ ಬಿಟ್ಟು ಬೀದಿ ಹುಡುಗರಿಗೆ ಅಕ್ಷರ ಕಲಿಸಲು ಕೂತರು. ಆ ಸಂಸ್ಥೆಯವರು 1890ರಲ್ಲಿ ಕೋಲ್ಕತ್ತಕ್ಕೆ ಬಂದರು.

ಪ್ರಶ್ನೆ: ಇವರಿಗೆ ಸಂಬಳ ಉಂಟಾ? ಇದ್ದರೆ ಏನು ಮಾಡ್ತಾರೆ?
– ಅನುದಾನಿತ ಶಾಲೆಯ ಶಿಕ್ಷಕಿ, ಹೊಳಲ್ಕೆರೆ

ಮೇಷ್ಟ್ರುಗಳ ಪ್ರಶ್ನೆ ಯಾವತ್ತೂ ಸಂಬಳದಿಂದಲೇ ಶುರು, ತಪ್ಪಲ್ಲ ಬಿಡಿ ಮೇಡಂ. ಅನುದಾನಿತ ಶಾಲೆಯಲ್ಲಿದ್ದರೆ ನಿಮ್ಮ ಹಾಗೇ ಸರ್ಕಾರದ ಸಂಬಳ ಬರುತ್ತೆ. ಆದರೆ ಅದು ಅವರದ್ದಲ್ಲ, ಸಂಸ್ಥೆಯ ಗಂಟಿಗೆ ಸೇರುತ್ತೆ. ಊಟ, ಬಟ್ಟೆ, ಔಷಧಿ, ಬಸ್ ಚಾರ್ಜು ಎಲ್ಲ ಅಲ್ಲಿಂದಲೇ. ಮನೆಯಲ್ಲಿ ತಂಗಿ ಮದುವೆ ಇದೆ ಅಂತ ತೆಗೆದುಕೊಡೋಕೆ ಬರಲ್ಲ. ನಮ್ಮ ಬ್ರದರ್ ಎರಡು ವಾರಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬರುತ್ತಿದ್ದರು. ಲಕ್ಷಗಟ್ಟಲೆ ಇರುವ ಖಾತೆ. ಚೆಕ್ ಕೊಟ್ಟು ನಗದು ಎಣಿಸಿಕೊಂಡು, ಹೋಗುವಾಗ ನಮ್ಮ ಜವಾನನ ಹತ್ತಿರ ಚಹಾಕ್ಕೆ ಚಿಲ್ಲರೆ ಸಾಲ ಕೇಳುತ್ತಿದ್ದರು. ಎಣಿಸಿದ ದುಡ್ಡು ಶಾಲೆಯದು ನೋಡಿ, ಅದನ್ನ ಮುಟ್ಟುವ ಹಾಗಿಲ್ಲ. ಮುಂದಿನ ಸಲ ಬಂದಾಗ ಜವಾನನ ಸಾಲ ಮೊದಲು ತೀರಬೇಕು, ಆಮೇಲೆ ಪಾಸ್‌ಬುಕ್.

ಇನ್ನೊಂದು ಸ್ವಾರಸ್ಯ. ಸಂಬಳ ನಮ್ಮ ಕೈಗೇ ಬರಲ್ಲ ಅಂದ ಮೇಲೆ ಆದಾಯ ತೆರಿಗೆ ಯಾಕೆ ಮುರಿಯಬೇಕು ಅಂತ ಫಾದರ್, ಸಿಸ್ಟರ್‌ಗಳ ಪರವಾಗಿ ವರ್ಷಗಟ್ಟಲೆ ಕೇಸು ನಡೆಯಿತು. ವ್ರತ ತೊಟ್ಟವರು ಚರ್ಚಿನ ಕಾನೂನಿನ ಪ್ರಕಾರ ಲೌಕಿಕಕ್ಕೆ ಸತ್ತ ಹಾಗೆ ಅನ್ನೋದು ಅವರ ವಾದ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಸಂಬಳ ನಿಮ್ಮ ಹೆಸರಿಗೆ ಬಂದಿದೆ, ಆಮೇಲೆ ಯಾರಿಗೆ ಕೊಡ್ತೀರೋ ಅದು ನಿಮ್ಮ ವಿಷಯ, ಟಿಡಿಎಸ್ ಕಟ್ಟಿ ಅಂದಿತು. ಬ್ಯಾಂಕಿನವನಾಗಿ ನನಗೆ ಇದು ಸರಿ ಅನ್ನಿಸಿದೆ. ನಿಮಗೆ ಅನ್ನಿಸದಿದ್ದರೆ ಬರೆಯಿರಿ.

ಪ್ರಶ್ನೆ: ಬಂದವರು ಇಲ್ಲಿನ ಭಾಷೆ ಕಲಿತರಾ, ಇಲ್ಲಾ ಸುಮ್ನೆ ಇಂಗ್ಲಿಷ್ ತುರುಕಿ ಹೋದರಾ?
– ನಿವೃತ್ತ ಕನ್ನಡ ಮೇಷ್ಟ್ರು, ಜಗಳೂರು

ಸರ್, ಎರಡೂ ನಡೆದಿದೆ. ಸಿಂಗಪುರ, ಮಲೇಷ್ಯಾ, ನಮ್ಮ ದೇಶ, ಈ ಕಡೆಯೆಲ್ಲ ಬ್ರದರ್‌ಗಳ ಶಾಲೆ ಅಂದರೆ ಇಂಗ್ಲಿಷ್ ಶಾಲೆ ಅಂತಲೇ ಹೆಸರಾಯಿತು. ಬ್ರಿಟಿಷರ ಕಚೇರಿಗೆ ಗುಮಾಸ್ತರು ಬೇಕಿತ್ತು, ಅಪ್ಪ ಅಮ್ಮಂದಿರಿಗೂ ಅದೇ ಬೇಕಿತ್ತು. ಬಡವರಿಗಾಗಿ ಹುಟ್ಟಿದ ಸಂಸ್ಥೆಗಳು ಎಷ್ಟೋ ಊರಲ್ಲಿ ಇದ್ದವರ ಮಕ್ಕಳ ಶಾಲೆ ಆಗಿ ಕೂತವು. ಇದನ್ನ ನಾನು ಮುಚ್ಚಿಡೋದಿಲ್ಲ.

ಆದರೆ ಒಬ್ಬರ ಕತೆ ನಿಮಗೆ ಹೇಳಲೇಬೇಕು. 1901ರಲ್ಲಿ ಸೇಂಟ್ ಗೇಬ್ರಿಯಲ್ ಸಂಸ್ಥೆಯ ಫ್ರೆಂಚ್ ಬ್ರದರ್‌ಗಳು ಬ್ಯಾಂಕಾಕಿಗೆ ಬಂದು ಅಸಂಪ್ಷನ್ ಶಾಲೆಯನ್ನ ವಹಿಸಿಕೊಂಡರು. ಅವರಲ್ಲಿ ಬ್ರದರ್ ಹಿಲೇರ್ ಅನ್ನುವವರಿಗೆ ಆಗ ಬರೀ 20 ವರ್ಷ. ಥಾಯ್ ಭಾಷೆ ಎಂಥದ್ದು ಗೊತ್ತಾ? ಒಂದೇ ಉಚ್ಚಾರವನ್ನ ಐದು ಸ್ವರದಲ್ಲಿ ಹೇಳಬಹುದು, ಸ್ವರ ಬದಲಾದರೆ ಅರ್ಥವೇ ಬದಲು. ವ್ಯಂಜನಗಳೇ 44. ನಮ್ಮ ಒತ್ತಕ್ಷರಕ್ಕೇ ಮಕ್ಕಳು ಅಳ್ತಾರೆ. ಅಂಥ ಭಾಷೆಯನ್ನ ಈ ಹುಡುಗ ಕಲಿತದ್ದು ಎಷ್ಟರ ಮಟ್ಟಿಗೆ ಅಂದರೆ, ಥಾಯ್ ಮಕ್ಕಳಿಗೆ ಥಾಯ್ ಓದಲು ಕಲಿಸುವ ಪಠ್ಯಪುಸ್ತಕವನ್ನೇ ಬರೆದರು, ಒಂದಲ್ಲ, ತರಗತಿವಾರು ಸಾಲು ಪುಸ್ತಕ. ಆ ಪುಸ್ತಕ ಇವತ್ತಿಗೂ ಅಲ್ಲಿನ ಕೆಲವು ಶಾಲೆಗಳಲ್ಲಿ ಬಳಕೆಯಲ್ಲಿದೆ. 1968ರಲ್ಲಿ ತೀರಿಕೊಂಡರು. ನಿಮಗೆ ತಕ್ಷಣ ಕಿಟೆಲ್ ನೆನಪಾಗಿರಬೇಕು, ನನಗೂ ಆದರು. 1894ರ ಆ ನಿಘಂಟು ಇಲ್ಲದಿದ್ದರೆ ನೀವು ಮೂವತ್ತು ವರ್ಷ ಏನು ಹಿಡಿದು ಪಾಠ ಮಾಡ್ತಿದ್ದಿರಿ? ಕಿಟೆಲ್ ಬಾಸೆಲ್ ಮಿಷನ್ನಿನವರು, ಪ್ರಾಟೆಸ್ಟೆಂಟ್, ಸಂಸಾರಸ್ಥರು. ಹಿಲೇರ್ ಬೇರೆಯೇ ಪಂಗಡ. ಆದರೂ ಪರಊರಿನ ವ್ಯಾಕರಣದ ಮುಂದೆ ದಿನಾ ಕೂರುವ ಆ ಹಟ ಒಂದೇ.

ಪ್ರಶ್ನೆ: ಶಾಲೆ ನೆಪ, ಮತಾಂತರ ಉದ್ದೇಶ. ನೇರವಾಗಿ ಉತ್ತರಿಸಿ.
– ಓದುಗರು, ಚಿತ್ರದುರ್ಗ

ನೇರವಾಗಿಯೇ. ಅವರು ಬಂದದ್ದು ಧರ್ಮದ ಪ್ರೇರಣೆಯಿಂದ. ಅದನ್ನ ಅವರು ಯಾವತ್ತೂ ಇಲ್ಲ ಅಂದಿಲ್ಲ, ಇಲ್ಲದಿದ್ದರೆ ಹೆಂಡತಿ ಮಕ್ಕಳಿಲ್ಲದೆ ಸಮುದ್ರ ದಾಟಿ ಯಾರು ಬರ್ತಾರೆ? ತಮ್ಮ ಧರ್ಮ ಹರಡಲಿ ಅನ್ನುವ ಆಸೆಯೂ ಅವರಿಗಿತ್ತು. ಆದರೆ ಶಾಲೆಯಿಂದ ಆದದ್ದೇನು ನೋಡಿ. ಬ್ಯಾಂಕಾಕಿನ ಆ ಶಾಲೆಗೆ ನೂರಾ ಮೂವತ್ತು ವರ್ಷ ದಾಟಿತು, ಥಾಯ್ಲೆಂಡಿನಲ್ಲಿ ಇವತ್ತಿಗೂ ಕ್ಯಾಥೊಲಿಕರು ನೂರಕ್ಕೆ ಒಬ್ಬರೂ ಇಲ್ಲ. ಬೌದ್ಧ ಮಕ್ಕಳು ಓದಿ ಬೌದ್ಧರಾಗಿಯೇ ಆಚೆ ಬಂದರು. ನಮ್ಮ ಜಿಲ್ಲೆಯಲ್ಲಿ ಸಿರಿಗೆರೆ ಮಠದ ಶಾಲೆಗಳಲ್ಲಿ ಯಾವ ಜಾತಿಯ ಮಕ್ಕಳು ಓದಿಲ್ಲ ಹೇಳಿ? ಮಠಕ್ಕೆ ತನ್ನ ಧರ್ಮ ಇದೆ, ಶಾಲೆಗೆ ಊರಿನ ಮಕ್ಕಳೆಲ್ಲ ಹೋಗ್ತಾರೆ. ಬೇರೆ ಕಡೆ ಬೇರೆ ಥರ ನಡೆದಿರಬಹುದು, ಅದನ್ನ ಅಲ್ಲಲ್ಲಿಯ ಲೆಕ್ಕ ನೋಡಿ ಮಾತಾಡೋಣ.

ಪ್ರಶ್ನೆ: ತಂದೆ ತಾಯಿಯನ್ನ ನೋಡಲು ಊರಿಗೆ ಹೋಗ್ತಿದ್ದರಾ?
– ಗೃಹಿಣಿ, ಮೊಳಕಾಲ್ಮೂರು

ಈ ಪ್ರಶ್ನೆ ಹೆಂಗಸರೊಬ್ಬರಿಂದಲೇ ಬಂತು ನೋಡಿ. ಹಳೇ ಕಾಲದವರು ಎಷ್ಟೋ ಜನ ಹೋಗಲೇ ಇಲ್ಲ ಅಮ್ಮ. ಸಿಂಗಪುರಕ್ಕೆ ಮೊದಲನೇ ತಂಡ ಬಂದ 1852ರಲ್ಲಿ ಸೂಯೆಜ್ ಕಾಲುವೆಯೇ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಹಡಗು ಹತ್ತುವಾಗಲೇ ಮನೆಯವರ ಮುಖ ಕೊನೆಯದಾಗಿ ನೋಡಿದ ಹಾಗೆ. ನಮ್ಮ ಬ್ರದರ್ ವಿಮಾನದ ಕಾಲದವರೇ ಆದರೂ ಅವರಿಗೆ ತಾಯಿ ಹೋದ ಸುದ್ದಿ ತಲುಪಿದ್ದು ಕಾಗದದಲ್ಲಿ, ಮಣ್ಣಾಗಿ ಹದಿನೆಂಟು ದಿನ ಆದ ಮೇಲೆ. ಆವತ್ತು ಏನು ಮಾಡಿದಿರಿ ಅಂದೆ. ಎರಡನೇ ಪೀರಿಯಡ್ ಬೀಜಗಣಿತ ಇತ್ತು, ಹೋದೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಆವತ್ತು ಬೋರ್ಡಿನ ಮೇಲೆ ಒಂದು ಲೆಕ್ಕ ತಪ್ಪು ಮಾಡಿದೆ, ಒಬ್ಬ ಹುಡುಗನೂ ತಿದ್ದಲಿಲ್ಲ, ಅವರಿಗೆ ಹೇಗೋ ಗೊತ್ತಾಗಿತ್ತು ಅಂದರು. ಅವರ ಕೋಣೆಯಲ್ಲಿ ಇದ್ದದ್ದು ಕಬ್ಬಿಣದ ಮಂಚ, ಸೊಳ್ಳೆ ಪರದೆ, ಮೇಜು, ಒಂದು ತಗಡಿನ ಟ್ರಂಕು. ಕೋಲ್ಕತ್ತದ ಸೆಕೆಯಲ್ಲಿ ಬಿಳಿ ನಿಲುವಂಗಿಯ ತೋಳು ಮಡಚಿಕೊಂಡು ನೋಟ್‌ಬುಕ್ ತಿದ್ದುತ್ತಿದ್ದರು, ಬೀದಿಯ ಮಕ್ಕಳಿಗೆ ಬಂಗಾಳಿಯಲ್ಲೇ ಬೈಯುತ್ತಿದ್ದರು.

ಕೆಲವರು ಬಂದ ಊರಿನವರೇ ಆಗಿಬಿಟ್ಟರು. ಐರ್ಲೆಂಡಿನ ಬ್ರದರ್ ಜೋಸೆಫ್ ಮೆಕ್‌ನಲಿ 1946ರಲ್ಲಿ ಸಿಂಗಪುರಕ್ಕೆ ಬಂದರು, ಅರವತ್ತು ದಾಟಿದ ಮೇಲೆ 1984ರಲ್ಲಿ ಅಲ್ಲೊಂದು ಕಲಾ ಶಾಲೆ ಕಟ್ಟಿದರು, ಮರುವರ್ಷ ಅಲ್ಲಿನ ಪೌರತ್ವವನ್ನೇ ತಗೊಂಡರು. ಶಿಲ್ಪಿ ಬೇರೆ.

ಪ್ರಶ್ನೆ: ಯುದ್ಧ, ಕ್ರಾಂತಿ ಬಂದಾಗ ಗಂಟು ಕಟ್ಟಿಕೊಂಡು ಹೋಗಿರಬೇಕಲ್ವಾ?
– ವಕೀಲರು, ಹಿರಿಯೂರು

ಕೆಲವರು ಹೋದರು, ಕೆಲವರನ್ನ ಕಳಿಸಿದರು, ಕೆಲವರು ಸತ್ತರು. 1945ರ ಫೆಬ್ರವರಿಯಲ್ಲಿ ಮನಿಲಾದ ಡಿ ಲಾ ಸಾಲ್ ಕಾಲೇಜಿನೊಳಗೆ ಜಪಾನಿ ಸೈನಿಕರು 41 ಜನರನ್ನ ಕೊಂದರು, ಅದರಲ್ಲಿ 16 ಜನ ಬ್ರದರ್‌ಗಳು. ಹೆಚ್ಚಿನವರು ಜರ್ಮನರು, ಅಂದರೆ ಜಪಾನಿನ ಮಿತ್ರದೇಶದವರು. ಅದೂ ಕಾಪಾಡಲಿಲ್ಲ. ಬರ್ಮಾದಲ್ಲಿ 1965ರಲ್ಲಿ ಸೈನಿಕ ಸರ್ಕಾರ ಮಿಷನ್ ಶಾಲೆಗಳನ್ನ ವಶಕ್ಕೆ ತಗೊಂಡಿತು. ಮರುವರ್ಷ, ಸ್ವಾತಂತ್ರ್ಯದ ನಂತರ ಬಂದ ವಿದೇಶಿ ಮಿಷನರಿಗಳನ್ನೆಲ್ಲ ದೇಶ ಬಿಡಿ ಅಂದಿತು. ಶ್ರೀಲಂಕಾದಲ್ಲೂ 1960ರ ಹೊತ್ತಿಗೆ ಶಾಲೆಗಳು ಸರ್ಕಾರದ ಪಾಲಾದವು. ವಕೀಲರೇ, ಸರ್ಕಾರದ ವಾದವೂ ಪೂರ್ತಿ ಸುಳ್ಳಲ್ಲ, ಮಕ್ಕಳ ಓದು ಯಾರ ಕೈಲಿರಬೇಕು ಅನ್ನೋದು ಹೊಸದಾಗಿ ಸ್ವತಂತ್ರವಾದ ಯಾವ ದೇಶಕ್ಕೂ ದೊಡ್ಡ ಪ್ರಶ್ನೆಯೇ. ಆದರೆ ಇಪ್ಪತ್ತು ಮೂವತ್ತು ವರ್ಷ ಪಾಠ ಹೇಳಿದ ಕಟ್ಟಡದ ಬೀಗದ ಕೈ ಕೊಟ್ಟು ಹೊರಗೆ ಬರೋದು ಹೇಗಿರುತ್ತೋ, ನನಗೆ ನೆನೆಯೋಕೂ ಕಷ್ಟ.

ಪ್ರಶ್ನೆ: ಬರೀ ಒಳ್ಳೇದೇ ಬರೀತೀರಾ? ಮಕ್ಕಳಿಗೆ ಕೊಟ್ಟ ಹಿಂಸೆ ಬಗ್ಗೆ ಓದಿಲ್ವಾ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಓದಿದ್ದೀನಪ್ಪ. ಐರ್ಲೆಂಡಿನ ಸರ್ಕಾರಿ ಆಯೋಗ 2009ರಲ್ಲಿ ಕೊಟ್ಟ ವರದಿಯಲ್ಲಿ, ಚರ್ಚಿನ ಸಂಸ್ಥೆಗಳು ನಡೆಸುತ್ತಿದ್ದ ಮಕ್ಕಳ ವಸತಿ ಶಾಲೆಗಳಲ್ಲಿ ದಶಕಗಟ್ಟಲೆ ನಡೆದ ಹೊಡೆತ, ಲೈಂಗಿಕ ದೌರ್ಜನ್ಯ ಎಲ್ಲ ಇದೆ. ನಾನು ಮೇಲೆ ಹೊಗಳಿದ ಎಡ್ಮಂಡ್ ರೈಸ್ ಕಟ್ಟಿದ ಸಂಸ್ಥೆಯ ಹೆಸರೂ ಅದರಲ್ಲಿದೆ, ಅವರು ಕ್ಷಮೆ ಕೇಳಿದ್ದಾರೆ. ಅದನ್ನ ಓದಿದ ದಿನ ಕೋಲ್ಕತ್ತದ ಆ ಕೋಣೆ ನೆನಪಾಗಿ ಏನು ಯೋಚಿಸಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ನೀನು ಕೇಳಿದ್ದು ಒಳ್ಳೇದಾಯ್ತು.

ಪ್ರಶ್ನೆ: ನಮ್ಮ ಅಕ್ಕನ ಮಗ, 17 ವರ್ಷ, ಬ್ರದರ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಮನೆಯಲ್ಲಿ ಅಳು. ಒಪ್ಪಬೇಕಾ?
– ಹರಿಹರದಿಂದ ಒಬ್ಬ ಸೋದರಮಾವ

ಆರೋಗ್ಯಮಾತೆ ಜಾತ್ರೆಯಲ್ಲಿ ಯಾರನ್ನಾದರೂ ನೋಡಿ ಬಂದನಾ ಹುಡುಗ? ತಮಾಷೆ ಬಿಡಿ. ಈಗ ಬ್ರದರ್ ಆಗುವವರು ಕಮ್ಮಿ. ಡಿ ಲಾ ಸಾಲ್ ಸಂಸ್ಥೆಯಲ್ಲಿ 1960ರ ದಶಕದ ನಡುವೆ ಹದಿನಾರು ಸಾವಿರಕ್ಕೂ ಜಾಸ್ತಿ ಬ್ರದರ್‌ಗಳಿದ್ದರು, ಈಗ ನಾಲ್ಕು ಸಾವಿರವೂ ಇಲ್ಲ. ಹಾಗಾಗಿ ಅವನು ಹೋದರೆ ಕೆಲಸ ಜಾಸ್ತಿಯೇ. ಹೆದರಬೇಡಿ, ಇವತ್ತು ಹೋದವನನ್ನ ನಾಳೆಯೇ ಕಟ್ಟಿಹಾಕಲ್ಲ. ಮೊದಲು ಅವರ ಜೊತೆ ಇದ್ದು ನೋಡುವ ಕಾಲ, ಆಮೇಲೆ ಕಡಿಮೆ ಅಂದರೂ ಒಂದು ವರ್ಷದ ನವಶಿಷ್ಯತನ (ವ್ರತ ತೊಡುವ ಮುಂಚಿನ ತರಬೇತಿ), ಆಮೇಲೆ ಕಡಿಮೆ ಅಂದರೂ ಮೂರು ವರ್ಷ ತಾತ್ಕಾಲಿಕ ವ್ರತ. ಜೀವನಪೂರ್ತಿಯ ವ್ರತ 21 ತುಂಬುವ ಮೊದಲು ಕೊಡೋ ಹಾಗೇ ಇಲ್ಲ. ಅಲ್ಲಿಯವರೆಗೆ ಬಾಗಿಲು ತೆರೆದೇ ಇರುತ್ತೆ.

ನಾನಾಗಿದ್ದರೆ ಮೊದಲು ಒಂದು ಕೆಲಸ ಮಾಡುತ್ತಿದ್ದೆ. ಬೇಸಿಗೆ ರಜೆಯಲ್ಲಿ ಓಣಿಯ ಏಳನೇ ಕ್ಲಾಸಿನ ಹುಡುಗರನ್ನೆಲ್ಲ ಸೇರಿಸಿ, ಒಂದು ವಾರ ದಿನಾ ಮಧ್ಯಾಹ್ನ ಎರಡು ಗಂಟೆ ಭಿನ್ನರಾಶಿ ಹೇಳಿಕೊಡಪ್ಪ ಅಂತ ಅವನಿಗೆ ಒಪ್ಪಿಸಿ. ಎಂಟನೇ ದಿನವೂ ಅದೇ ಮಾತು ಹೇಳಿದರೆ ಅಕ್ಕನನ್ನ ಕೂರಿಸಿಕೊಂಡು ಮಾತಾಡಿ.