ಮಕ್ಕಳಾಯ್ತಲ್ಲ, ಇನ್ನೇನಕ್ಕೆ ಗರ್ಭಕೋಶ?

ಓದುಗರ ಪತ್ರ:
ಸಂಪಾದಕರಿಗೆ ನಮಸ್ಕಾರ. ನನಗೆ 38 ವರ್ಷ. ಪಾಂಡವಪುರ ತಾಲ್ಲೂಕಿನವಳು. ಇಬ್ಬರು ಮಕ್ಕಳು, ಇಬ್ಬರೂ ಹೈಸ್ಕೂಲು. ಎಂಟು ತಿಂಗಳಿಂದ ಮುಟ್ಟಾದರೆ ಒಂಬತ್ತು ಹತ್ತು ದಿನ ನಿಲ್ಲುವುದೇ ಇಲ್ಲ. ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್ ಬೇಕು. ಸ್ಕ್ಯಾನ್ ಮಾಡಿ, ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗೆಸಿಬಿಡಿ ಅಂದರು. ನಮ್ಮತ್ತೆ “ಮಕ್ಕಳಾಯ್ತಲ್ಲ, ಇನ್ನೇನಕ್ಕೆ ಅದು” ಅಂತಾರೆ. ಕಬ್ಬಿನ ಬಿಲ್ ಬಂದ ಮೇಲೆ ಮಾಡಿಸೋಣ ಅಂತ ನಮ್ಮ ಯಜಮಾನರು. ನನಗೆ ಭಯ. ಸ್ಕ್ಯಾನಿನ ಜೆರಾಕ್ಸ್ ಇಟ್ಟಿದ್ದೇನೆ. ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:
ಪ್ರಿಯ ಸೋದರಿ,

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ನಾನು ಡಾಕ್ಟರಲ್ಲ. ಹಾಗಾಗಿ ನಿಮ್ಮ ಜೆರಾಕ್ಸ್ ಹಿಡಿದುಕೊಂಡು ಮೈಸೂರಿನಲ್ಲಿ ನನಗೆ ಪರಿಚಯವಿರುವ ಹೆರಿಗೆ ಡಾಕ್ಟರೊಬ್ಬರ ಹತ್ತಿರ ಹೋಗಿದ್ದೆ. ಹೆಸರು, ಊರು ಇದ್ದ ಜಾಗಕ್ಕೆ ಬಿಳಿ ಕಾಗದ ಅಂಟಿಸಿ ತೋರಿಸಿದೆ. ಕೆಳಗೆ ಬರೆದಿರುವುದರಲ್ಲಿ ವೈದ್ಯಕೀಯದ ಮಾತೆಲ್ಲ ಅವರು ಕೂರಿಸಿಕೊಂಡು ತಿಳಿಸಿದ್ದು.

ನಿಮ್ಮ ರಿಪೋರ್ಟಿನಲ್ಲಿ ಮೂರು ಸಾಲು ಮುಖ್ಯ. ಗರ್ಭಕೋಶ ‘ಬಲ್ಕಿ’ ಎಂದಿದೆ. ಸ್ವಲ್ಪ ದಪ್ಪಗಿದೆ ಅಂತ ಅರ್ಥ, ಅಷ್ಟೇ. ಗೋಡೆಯೊಳಗೆ 2.8 ಸೆಂಟಿಮೀಟರಿನ ಫೈಬ್ರಾಯ್ಡ್ ಒಂದಿದೆ, ಒಂದು ನೆಲ್ಲಿಕಾಯಿ ಗಾತ್ರ. ಒಳಪದರ 8 ಮಿಲಿಮೀಟರ್. ಇನ್ನೂ ಮುಟ್ಟಾಗುತ್ತಿರುವ ಹೆಂಗಸಿಗೆ ಅದು ಗಾಬರಿಯಾಗುವ ಅಳತೆ ಅಲ್ಲ. ಅಂಡಾಶಯ ಎರಡೂ ಸರಿಯಾಗಿವೆ.

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಮಾಂಸಖಂಡದಲ್ಲೇ ಬೆಳೆಯುವ ಗಂಟು. ಅದು ಕ್ಯಾನ್ಸರ್ ಅಲ್ಲ. ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂದು ನಿಮಗೆ ಹೇಳಿದ ಮಾತು ಸರಿಯಲ್ಲ. ಗಡ್ಡೆಯೊಂದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಎಷ್ಟೋ ಹೆಂಗಸರಿಗೆ ಇಂಥ ಗಡ್ಡೆ ಇರುತ್ತದೆ, ಇದೆ ಅಂತ ಗೊತ್ತೂ ಇರುವುದಿಲ್ಲ. ಈಸ್ಟ್ರೋಜನ್ ಹಾರ್ಮೋನು ಅದಕ್ಕೆ ಗೊಬ್ಬರ. ಮುಟ್ಟು ನಿಂತ ಮೇಲೆ ಗೊಬ್ಬರ ಕಮ್ಮಿಯಾಗಿ, ಗಡ್ಡೆ ತಾನಾಗಿ ಸಣ್ಣಗಾಗುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ.

ಹಾಗಾದರೆ ಇಷ್ಟೊಂದು ರಕ್ತ ಯಾಕೆ? ಗರ್ಭಕೋಶ ಒಂದು ಸೀಬೆಹಣ್ಣಿನಷ್ಟು ದೊಡ್ಡದು. ಉದ್ದ ಏಳೂವರೆ ಸೆಂಟಿಮೀಟರ್ ಇದ್ದೀತು. ಮುಂದೆ ಮೂತ್ರಕೋಶ, ಹಿಂದೆ ಮಲದ ಕರುಳು, ನಡುವೆ ಇದು. ನಾಟಿಗೆ ಮುಂಚೆ ಗದ್ದೆ ಹದ ಮಾಡುತ್ತೀರಲ್ವಾ, ಹಾಗೆ ಪ್ರತಿ ತಿಂಗಳೂ ಇದರ ಒಳಪದರ ದಪ್ಪಗಾಗಿ ಸಿದ್ಧವಾಗುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ಹೊರಗೆ ಬರುತ್ತದೆ. ಆಮೇಲೆ ಗರ್ಭಕೋಶದ ಮಾಂಸಖಂಡ ಬಿಗಿದುಕೊಂಡು ರಕ್ತನಾಳಗಳನ್ನು ಅದುಮಿ ಹಿಡಿಯುತ್ತದೆ. ಒಂದು ಮುಟ್ಟಿಗೆ 30–40 ಮಿಲಿಲೀಟರ್ ರಕ್ತ ಹೋಗುವುದು ಸಹಜ. 80 ದಾಟಿದರೆ ಜಾಸ್ತಿ. ಗಡ್ಡೆ ಒಳಪದರಕ್ಕೆ ತಾಗಿಕೊಂಡಿದ್ದರೆ ಆ ಬಿಗಿತ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಒಳಪದರದ ಕೆಳಗೆ ಕಡಲೆಬೀಜದಷ್ಟಿದ್ದರೂ ರಕ್ತ ಸುರಿಯಬಹುದು. ಹೊರಮೈಯಲ್ಲಿ ನಿಂಬೆಹಣ್ಣಿನಷ್ಟಿದ್ದರೂ ಏನೂ ಆಗದೆ ಇರಬಹುದು. ನಿಮ್ಮದು ಒಳಪದರವನ್ನು ಒತ್ತುತ್ತಿದೆಯಾ ಅನ್ನುವುದನ್ನು ರಿಪೋರ್ಟಿನಲ್ಲಿ ಬರೆದೇ ಇಲ್ಲ. ಇದನ್ನು ಕೇಳಿ ಬರೆಸಿಕೊಳ್ಳಿ.

ಇನ್ನೊಂದು ವಿಷಯ. ಗಡ್ಡೆ ಕಂಡಿತು ಅಂತ ತಪ್ಪೆಲ್ಲ ಅದರದ್ದೇ ಆಗಬೇಕಿಲ್ಲ. ಥೈರಾಯ್ಡ್ ಕಮ್ಮಿಯಾದರೂ ಮುಟ್ಟು ಜಾಸ್ತಿ ಹೋಗುತ್ತದೆ. ಕಾಪರ್-ಟಿ ಹಾಕಿಸಿದ್ದರೂ ಹೋಗುತ್ತದೆ. ನಿಮ್ಮ ಪತ್ರದಲ್ಲಿ ಥೈರಾಯ್ಡ್ ಪರೀಕ್ಷೆಯ ಮಾತೂ ಇಲ್ಲ, ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಇಲ್ಲ. ಎಂಟು ತಿಂಗಳಿಂದ ಗಂಟೆಗೊಂದು ಪ್ಯಾಡ್! ಮಹಡಿ ಹತ್ತಿದರೆ ಏದುಸಿರು ಬರುತ್ತಿದೆಯಾ? ಎದೆ ಹೊಡೆದುಕೊಳ್ಳುತ್ತಾ? ನನಗೆ ಗಡ್ಡೆಗಿಂತ ಇದರ ಚಿಂತೆಯೇ ಹೆಚ್ಚಾಗಿದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಕಬ್ಬಿನ ಬಿಲ್ಲಿಗೆ ಕಾಯಬಾರದ ಕೆಲಸ ಇದು. ಈ ವಾರವೇ ಪರೀಕ್ಷೆ ಮಾಡಿಸಿ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮೇಲೆ ನನಗೆ ಬೇಸರವಿಲ್ಲ. ನಮ್ಮ ಮನೆಯಲ್ಲೂ ಇದೇ ಮಾತು ಆಡಿದ್ದರು. ನಮ್ಮ ದೊಡ್ಡಮ್ಮನಿಗೆ 36 ವರ್ಷವಿದ್ದಾಗ ಬಿಳುಪು ಹೋಗುತ್ತದೆ ಅಂತ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಗರ್ಭಕೋಶ ತೆಗೆದು ಕಳಿಸಿದರು. ಬಿಳುಪು ಎಷ್ಟೋ ಸಲ ಸಹಜವಾದದ್ದು, ಸೋಂಕಿದ್ದರೆ ಮಾತ್ರೆಯಲ್ಲಿ ವಾಸಿಯಾಗುವಂಥದ್ದು. ಆಗ ಯಾರಿಗೆ ಗೊತ್ತಿತ್ತು? ಆಪರೇಷನ್ ಆದ ತಿಂಗಳೊಳಗೆ ದೊಡ್ಡಮ್ಮನಿಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಆಗುತ್ತಿತ್ತು. ರಾತ್ರಿ ಎದ್ದು ಹಿತ್ತಲ ಬಾಗಿಲು ತೆಗೆದು ಕೂರುತ್ತಿದ್ದರು. 51ನೇ ವಯಸ್ಸಿನಲ್ಲಿ ಕಾಯಿ ತುರಿದು ಈಳಿಗೆಮಣೆಯಿಂದ ಏಳುವಾಗ ಕೈ ಊರಿದರು, ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಅಂಡಾಶಯಾನೂ ತೆಗೆದಿದ್ದಾರಾ?” ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಚೀಟಿ ಕೂಡ ಇಟ್ಟಿರಲಿಲ್ಲ. ಸ್ಕ್ಯಾನ್ ಮಾಡಿಸಿದ ಮೇಲೆ ತಿಳಿಯಿತು, ಎರಡೂ ಇಲ್ಲ.

ಅಂಡಾಶಯ ಬಾದಾಮಿಯಷ್ಟಿರುತ್ತದೆ. ಮೊಟ್ಟೆ ಬಿಡುಗಡೆ ಮಾಡುವುದು ಅದರ ಒಂದು ಕೆಲಸ ಮಾತ್ರ. ಮೂಳೆ ಗಟ್ಟಿಯಾಗಿರಲು, ಹೃದಯ ಚೆನ್ನಾಗಿರಲು ಬೇಕಾದ ಈಸ್ಟ್ರೋಜನ್ ಬರುವುದೂ ಅಲ್ಲಿಂದಲೇ. ಎರಡನ್ನೂ ತೆಗೆದರೆ ಮರುದಿನವೇ ಮುಟ್ಟು ನಿಂತ ಮುದುಕಿಯ ಮೈ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೆ ಹಾಗಾಗುವುದಿಲ್ಲ. ಆದರೂ ಅದಕ್ಕೆ ಹೋಗುವ ರಕ್ತದಲ್ಲಿ ಒಂದು ಪಾಲು ಗರ್ಭಕೋಶದ ಕಡೆಯಿಂದ ಬರುತ್ತದೆ. ಆದ್ದರಿಂದ ಕೆಲವರಲ್ಲಿ ಅಂಡಾಶಯ ಒಂದೆರಡು ವರ್ಷ ಮೊದಲೇ ಸೋಲುತ್ತದೆ.

ನೀವೂ ಕಬ್ಬಿನ ಸೀಮೆಯವರು, ಅದಕ್ಕೆ ಇದನ್ನು ಹೇಳಬೇಕು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಂಗಸರನ್ನು 2019ರಲ್ಲಿ ಸರ್ಕಾರದ ಸಮಿತಿಯೊಂದು ಸಮೀಕ್ಷೆ ಮಾಡಿತು. 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಒಂದು ದಿನ ರಜೆ ಹಾಕಿದರೆ ಮೇಸ್ತ್ರಿ ದಂಡ ಹಿಡಿಯುತ್ತಾನೆ, ಮುಟ್ಟಿನ ರಗಳೆಯೇ ಬೇಡ ಅಂತ ತೆಗೆಸಿಕೊಂಡವರೂ ಅದರಲ್ಲಿದ್ದರು. ನಮ್ಮ ಕಲಬುರಗಿಯ ತಾಂಡಾಗಳಿಂದಲೂ ಇಂಥ ದೂರು ಬಂದಿತ್ತು. ಬೇಡದ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ ಮಾರ್ಗಸೂಚಿ ಮಾಡಿದೆ. ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಅಂದಮೇಲೆ ‘ಬೇರೆ ದಾರಿ ಇಲ್ವಾ ಡಾಕ್ಟ್ರೇ’ ಎಂದು ಕೇಳುವುದು ನಿಮ್ಮ ಹಕ್ಕು. ಸಂಕೋಚ ಬೇಡ.

ದಾರಿಗಳು ಇವೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಹೆಚ್ಚುಕಡಿಮೆ ಅರ್ಧದಷ್ಟು ರಕ್ತ ಉಳಿಸುತ್ತದೆ. ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಆಗುವುದಿಲ್ಲ. ಹಾಗಾಗಿ ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತರಬೇಡಿ. ನೋಡಲು ಕಾಪರ್-ಟಿ ಥರವೇ ಇದ್ದು, ತಾಮ್ರದ ಬದಲು ಹಾರ್ಮೋನು ಬಿಡುವ ಸಾಧನವೂ ಬಂದಿದೆ. ಒಳಗೆ ಹಾಕಿದರೆ ಐದು ವರ್ಷ ಕೆಲಸ ಮಾಡುತ್ತದೆ. ಎಷ್ಟೋ ಹೆಂಗಸರಿಗೆ ಮುಟ್ಟು ಬರೀ ಕಲೆಯಷ್ಟಕ್ಕೆ ಇಳಿಯುತ್ತದೆ. ಗಡ್ಡೆ ಒಂದನ್ನೇ ತೆಗೆಯುವ ಆಪರೇಷನ್ ಕೂಡ ಇದೆ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ, ಗಡ್ಡೆ ಬೆಳೆದು ಮೂತ್ರಕೋಶ ಒತ್ತಿದರೆ, ಗರ್ಭಕೋಶ ತೆಗೆಸುವುದೇ ಸರಿಯಾದ ಚಿಕಿತ್ಸೆ ಆಗಬಹುದು. ತೆಗೆಸಿಕೊಂಡು ನೆಮ್ಮದಿಯಾಗಿರುವ ಹೆಂಗಸರನ್ನೂ ನಾನು ಬಲ್ಲೆ. ಅವರಾರೂ ಹೆದರಿ ಒಪ್ಪಿಕೊಂಡವರಲ್ಲ.

ಕ್ಯಾನ್ಸರಿನ ಭಯ ಮನಸ್ಸಿನಿಂದ ಹೋಗದಿದ್ದರೆ ಪ್ಯಾಪ್ ಸ್ಮಿಯರ್ ಮಾಡಿಸಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗುವ ಸೂಚನೆಯಿದ್ದರೆ ಮೊದಲೇ ತೋರಿಸುವ ಪರೀಕ್ಷೆ ಅದು. ಎರಡು ನಿಮಿಷದ ಕೆಲಸ. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ಯಾರೇ ಆಗಲಿ ಒಂದು ದಿನವೂ ತಡ ಮಾಡಬಾರದು. ಅತ್ತೆಯವರಿಗೂ ಇದನ್ನು ಹೇಳಿ.

ಮಂಡ್ಯದ ಮಿಮ್ಸ್ ಆಸ್ಪತ್ರೆ ನಿಮಗೆ ಹತ್ತಿರ. ಮೈಸೂರಿಗೆ ಬರುವುದಾದರೆ ಚೆಲುವಾಂಬ ಆಸ್ಪತ್ರೆ ಇದೆ. ಎರಡೂ ಸರ್ಕಾರಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಯಜಮಾನರನ್ನೂ ಕರೆದುಕೊಂಡು ಹೋಗಿ. ಅವರೂ ಡಾಕ್ಟರ ಎದುರು ಕೂತು ಕೇಳಲಿ. ಕಳೆದ ಮೂರು ಮುಟ್ಟಿನ ತಾರೀಖು, ದಿನಕ್ಕೆ ಎಷ್ಟು ಪ್ಯಾಡ್ ಅನ್ನುವುದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಹೋದರೆ ಡಾಕ್ಟರಿಗೂ ಅನುಕೂಲ. ಮುಂದೆ ಆಪರೇಷನ್ನೇ ಆಗಬೇಕು ಅಂತಾದರೆ ಅಂಡಾಶಯ ಉಳಿಸುತ್ತೀರಾ ಅಂತ ಮೊದಲೇ ಕೇಳಿ. ಡಿಸ್ಚಾರ್ಜ್ ಕಾಗದವನ್ನು ಜಮೀನಿನ ಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಿ.

ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ಒಂದು ಕಾರ್ಡ್ ಬರೆಯಿರಿ. ಕಾಯುತ್ತಿರುತ್ತೇನೆ.