ಹಕ್ಕಿ ಫೋಟೊಗೆ ಪ್ರೈಮೋ, ಜೂಮೋ?

ಪ್ರಶ್ನೆ: ಸರ್, ನನ್ನ ಹತ್ತಿರ ನಿಕಾನ್ ಡಿ7500 ಕ್ಯಾಮೆರಾ, 70-300 ಎಂಎಂ ಲೆನ್ಸ್ ಇದೆ. ಮನೆ ಮೈಸೂರಿನಲ್ಲಿ. ತಿಂಗಳಿಗೊಮ್ಮೆ ರಂಗನತಿಟ್ಟಿಗೆ ಹೋಗುತ್ತೇನೆ. ವರ್ಷಕ್ಕೆ ಒಂದೆರಡು ಸಲ ಕಬಿನಿ ಸಫಾರಿ. ಕೆಲವು ಭಾನುವಾರ ಕೆರೆ ಏರಿ ಮೇಲೆ ನಡೆಯುತ್ತಾ ಹಕ್ಕಿ ತೆಗೆಯುತ್ತೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಲೆನ್ಸ್ ನೋಡಿಟ್ಟಿದ್ದೇನೆ. ಒಂದು 200-500 ಎಫ್ 5.6 ಜೂಮ್. ಇನ್ನೊಂದು 300 ಎಫ್ 4 ಪಿಎಫ್ (ಹಗುರ ವಿನ್ಯಾಸದ) ಪ್ರೈಮ್, ಅಂದ್ರೆ ಜೂಮ್ ಆಗದ ಲೆನ್ಸ್. ಅದರ ಜೊತೆ 1.4 ಟೆಲಿಕನ್ವರ್ಟರ್ (ಲೆನ್ಸ್‌ನ ಎಂಎಂ ಅನ್ನು 1.4 ಪಟ್ಟು ಹೆಚ್ಚಿಸುವ ಜೋಡಣೆ). ಗೆಳೆಯರೆಲ್ಲ ‘ಪ್ರೈಮ್ ಅಂದ್ರೆ ಪ್ರೈಮೇ’ ಅಂತಾರೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ನೀವು ಹೇಳಿದ ಜಾಗಗಳನ್ನು ನೋಡಿದರೆ 200-500 ಸರಿ. ಒಂದೇ ಒಂದು ಅನುಮಾನವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಗೆಳೆಯರು ಹೇಳುವುದರಲ್ಲಿ ಹುರುಳಿದೆ. ಪ್ರೈಮ್ ಲೆನ್ಸ್‌ನಲ್ಲಿ ಒಳಗಿನ ಗಾಜೆಲ್ಲ ಒಂದೇ ಫೋಕಲ್ ಲೆಂತ್‌ಗೆ (ಲೆನ್ಸ್ ದೂರದ್ದನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಎಂಎಂ ಅಳತೆ) ಅಂತ ಹೊಂದಿಸಿರುತ್ತಾರೆ. ಜೂಮ್ ಆದರೆ 200ರಲ್ಲೂ ಚೆನ್ನಾಗಿರಬೇಕು, 500ರಲ್ಲೂ ಚೆನ್ನಾಗಿರಬೇಕು. ಎಲ್ಲೋ ಒಂದು ಕಡೆ ರಾಜಿ ಆಗಿಯೇ ಆಗುತ್ತದೆ. ಬರೀ 300 ಎಫ್ 4 ಲೆಕ್ಕಕ್ಕೆ ತೆಗೆದುಕೊಂಡರೆ ಆ ಪ್ರೈಮ್ ಬಹಳ ಒಳ್ಳೆಯ ಲೆನ್ಸ್.

ಆದರೆ ಹಕ್ಕಿಗೆ 300 ಸಾಲುವುದಿಲ್ಲ ಅಂತ ನಿಮಗೇ ಗೊತ್ತು, ಅದಕ್ಕೇ ಕನ್ವರ್ಟರ್ ಕೇಳುತ್ತಿದ್ದೀರಿ. ಕನ್ವರ್ಟರ್ ಹಾಕಿದ ಕೂಡಲೇ ಅದು 420 ಎಫ್ 5.6 ಆಗುತ್ತದೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ. ಇಲ್ಲಿ ಒಂದು ಸ್ಟಾಪ್, ಅಂದ್ರೆ ಅರ್ಧದಷ್ಟು ಬೆಳಕು ಹೋಯಿತು. ಯಾವ ಎಫ್ 4ಗೋಸ್ಕರ ಪ್ರೈಮ್ ಕೊಂಡಿರೋ ಅದೇ ಕೈಬಿಟ್ಟಂತಾಯಿತು. ಇನ್ನು 420 ಮತ್ತು 500ರ ನಡುವೆ ಅಂತರ ಕಡಿಮೆ ಅನ್ನಿಸಬಹುದು. ಹಾಗಲ್ಲ. ಅದೇ ದೂರದಲ್ಲಿ ಕೂತ ಅದೇ ಮಿಂಚುಳ್ಳಿ 500ರಲ್ಲಿ ಸುಮಾರು 40 ಪರ್ಸೆಂಟ್ ಜಾಸ್ತಿ ಪಿಕ್ಸೆಲ್ ತುಂಬುತ್ತದೆ. ಆಮೇಲೆ ಕ್ರಾಪ್ ಮಾಡುವಾಗ (ಫೋಟೊದ ಅಂಚು ಕತ್ತರಿಸುವಾಗ) ಈ ವ್ಯತ್ಯಾಸ ಎದ್ದು ಕಾಣುತ್ತದೆ.

ರಂಗನತಿಟ್ಟನ್ನೇ ನೋಡಿ. ದೋಣಿಯಲ್ಲಿ ಕೂತ ಮೇಲೆ ದೂರ ನಿಮ್ಮ ಕೈಯಲ್ಲಿಲ್ಲ, ಹುಟ್ಟು ಹಾಕುವವರ ಕೈಯಲ್ಲಿದೆ. ಬಂಡೆ ಮೇಲೆ ಮಲಗಿದ ಮೊಸಳೆ ಫ್ರೇಮ್‌ನಲ್ಲಿ ಚಿಕ್ಕದಾಗಿರುತ್ತದೆ. ನೋಡುನೋಡುತ್ತಲೇ ದೋಣಿ ಬಣ್ಣದ ಕೊಕ್ಕರೆಗಳ ಮರದ ಹತ್ತಿರ ಬಂದಿರುತ್ತದೆ. ಆಗ 420ರಲ್ಲಿ ಕೊಕ್ಕರೆಯ ತಲೆ, ಕುತ್ತಿಗೆ ಸಿಗುತ್ತದೆ, ರೆಕ್ಕೆ ಹೊರಗೆ ಉಳಿಯುತ್ತದೆ. ಕೊಕ್ಕಲ್ಲಿ ಕಡ್ಡಿ ಹಿಡಿದು ಗೂಡಿಗೆ ಇಳಿಯುವ ಹಕ್ಕಿಯ ಪೂರ್ತಿ ರೆಕ್ಕೆ ಬೇಕು ಅಂದ್ರೆ 200, 250ಕ್ಕೆ ಇಳಿಯಬೇಕು. ಪ್ರೈಮ್ ಹಿಡಿದವರು ದೋಣಿಯಲ್ಲಿ ಹಿಂದೆ ಸರಿಯಲು ಆಗುವುದಿಲ್ಲ ಅಲ್ವಾ?

ಕಬಿನಿಯಲ್ಲೂ ಅದೇ ಕಥೆ. ಜೀಪಿನಿಂದ ಇಳಿಯುವಂತಿಲ್ಲ. ಆನೆ ದಾರಿ ಪಕ್ಕದಲ್ಲೇ ಇರುತ್ತದೆ, ಚಿರತೆ ದೂರದ ಮರದ ಮೇಲಿರುತ್ತದೆ. ಆ ದೂಳಿನಲ್ಲಿ ಕನ್ವರ್ಟರ್ ಬಿಚ್ಚಿ ಹಾಕಿ ಮಾಡುತ್ತಾ ಕೂತರೆ ಸೆನ್ಸರ್ ಮೇಲೆ ಮಣ್ಣು, ಕಣ್ಣೆದುರಿನ ಪ್ರಾಣಿಯೂ ಮಾಯ. ಬೆಳಗಿನ ಮಬ್ಬಿನಲ್ಲಿ ಎಫ್ 4 ಇದ್ದರೆ ಅನುಕೂಲ ನಿಜ. ಆದರೆ ಅದು ಒಂದು ಸ್ಟಾಪ್, ಅಂದ್ರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ರ ಬದಲು 3200. ಐಎಸ್‌ಒ ಹೆಚ್ಚಿದಾಗ ಫೋಟೊದಲ್ಲಿ ಕಾಣುವ ಕಾಳುಕಾಳೇ ನಾಯ್ಸ್. ಈಗಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗಳು ಆ ಅಂತರವನ್ನು ಬಹುಮಟ್ಟಿಗೆ ತುಂಬುತ್ತವೆ. ಕಾಡಿನ ಬೆಳಕಿನಲ್ಲಿ ನಿಜಕ್ಕೂ ಆಟ ಬದಲಿಸುವುದು ಎಫ್ 2.8. ಅದರ ಬೆಲೆಯೇ ಬೇರೆ, ತೂಕವೇ ಬೇರೆ.

ಜೀಪಿನಲ್ಲಿ ಲೆನ್ಸ್ ಊರಲು ಒಂದು ಬೀನ್‌ಬ್ಯಾಗ್ ಮರೆಯಬೇಡಿ. ಹಳೆ ಪ್ಯಾಂಟಿನ ಕಾಲಿಗೆ ಅಕ್ಕಿ ತುಂಬಿ ಹೊಲಿದರೂ ನಡೆಯುತ್ತದೆ. ಸಫಾರಿಯಲ್ಲಿ ಲೆನ್ಸ್ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುವುದುಂಟು, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಈಗ ಆ ಅನುಮಾನ. 200-500ರ ತೂಕ 2.3 ಕೆ.ಜಿ. ಪ್ರೈಮ್ 755 ಗ್ರಾಂ, ಕನ್ವರ್ಟರ್ ಸೇರಿದರೂ ಒಂದು ಕೆ.ಜಿ. ಮುಟ್ಟುವುದಿಲ್ಲ. ಕೆರೆ ಏರಿ ಮೇಲೆ ಎರಡು ಗಂಟೆ ನಡೆದ ಮೇಲೆ ಈ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ. ಭಾರದ ಲೆನ್ಸ್ ನಿಧಾನವಾಗಿ ಬೀರು ಸೇರುತ್ತದೆ. ಇನ್ನೊಂದು ವಿಷಯ, ಆ ಜೂಮ್‌ನ ರಿಂಗ್ ಬಹಳ ತಿರುಗಿಸಬೇಕು. 200ರಿಂದ 500ಕ್ಕೆ ಹೋಗಲು ಕೈ ಬಿಟ್ಟು ಮತ್ತೆ ಹಿಡಿಯಬೇಕಾಗುತ್ತದೆ. ಹಾರುವ ಹಕ್ಕಿಗೆ ಇದು ಕಿರಿಕಿರಿಯೇ. ಅಂಗಡಿಯಲ್ಲಿ ನಿಮ್ಮ ಕ್ಯಾಮೆರಾಗೆ ಹಾಕಿಕೊಂಡು ಐದು ನಿಮಿಷ ಎತ್ತಿ ಹಿಡಿದು ನೋಡಿ. ಬೆನ್ನು ನೋವು, ಕುತ್ತಿಗೆ ನೋವು ಇದ್ದವರಿಗೆ ನಾನು ಎರಡನೇ ಮಾತಿಲ್ಲದೆ ಪ್ರೈಮ್ ಹೇಳುತ್ತೇನೆ.

ಕೊಳ್ಳುವ ಮುಂಚೆ ಮನೆಯಲ್ಲೇ ಇನ್ನೊಂದು ಪರೀಕ್ಷೆ ಮಾಡಿ. 70-300ರಲ್ಲಿ ತೆಗೆದ ನಿಮ್ಮ ಒಳ್ಳೆಯ ಫೋಟೊಗಳನ್ನು ಕಂಪ್ಯೂಟರ್‌ನಲ್ಲಿ ತೆರೆದು ಪ್ರತಿಯೊಂದರ ಫೋಕಲ್ ಲೆಂತ್ ನೋಡಿ. ಹೆಚ್ಚುಕಡಿಮೆ ಎಲ್ಲವೂ 300 ಅಂತಿದ್ದು, ಅದರ ಮೇಲೆ ಕ್ರಾಪ್ ಕೂಡ ಮಾಡಿದ್ದರೆ ನಿಮಗೆ ಬೇಕಿರುವುದು ಉದ್ದ, ಜೂಮ್ ರಿಂಗ್ ಅಲ್ಲ. ಅಂಥವರು ಕಾಸು ಕೂಡಿಸಿ 500 ಎಫ್ 5.6 ಪಿಎಫ್ ಕಡೆ ನೋಡಬಹುದು, ಅದು 1460 ಗ್ರಾಂ ಅಷ್ಟೇ. ಹೊಸಪೇಟೆ ಹತ್ತಿರದ ದರೋಜಿ ಕರಡಿಧಾಮದಂಥ ಜಾಗಕ್ಕೂ ಉದ್ದದ ಪ್ರೈಮ್ ಚೆನ್ನ. ವೀಕ್ಷಣಾ ಗೋಪುರದಿಂದ ಬಂಡೆಗೆ ಇರುವ ದೂರ ಬದಲಾಗುವುದೇ ಇಲ್ಲ.

ಪ್ರಶ್ನೆ: ನನ್ನ 150-600 ಲೆನ್ಸ್ 600ರಲ್ಲಿ ಮಸುಕು. 400ರಲ್ಲಿ ಪರವಾಗಿಲ್ಲ. ಮಾರಿ ಪ್ರೈಮ್ ಕೊಳ್ಳಲೇ?

ಉತ್ತರ: ಈಗಲೇ ಬೇಡ. ಇಂಥ ಜೂಮ್‌ಗಳು ಕೊನೆಯ ತುದಿಯಲ್ಲಿ ಸ್ವಲ್ಪ ಮೆತ್ತಗೆ ಇರುವುದು ನಿಜ, ಎಫ್ 8ಕ್ಕೆ ಇಳಿಸಿದರೆ ಸುಧಾರಿಸುತ್ತವೆ. ಆದರೆ ನನಗೆ ಬರುವ ಮಸುಕು ಫೋಟೊಗಳಲ್ಲಿ ಜಾಸ್ತಿ ಪಾಲು ಕಡಿಮೆ ಶಟರ್ ವೇಗದವು. ಕ್ರಾಪ್ ಸೆನ್ಸರ್‌ನಲ್ಲಿ (ಡಿ7500ರಲ್ಲಿರುವಂಥ ಚಿಕ್ಕ ಸೆನ್ಸರ್) 600 ಎಂಎಂ ಅಂದ್ರೆ ಕೂತ ಹಕ್ಕಿಗೂ 1/1000 ಸೆಕೆಂಡಿನ ಆಸುಪಾಸು ಇಟ್ಟುಕೊಳ್ಳಿ, ಹಾರುವ ಹಕ್ಕಿಗೆ 1/2500. ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕ ತಡೆಯುತ್ತದೆ, ಹಕ್ಕಿ ತಲೆ ಅಲ್ಲಾಡಿಸುವುದನ್ನು ತಡೆಯುವುದಿಲ್ಲ.

ಪರೀಕ್ಷೆ ಸುಲಭ. ಬೆಳಿಗ್ಗೆ ತಂಪಿನಲ್ಲಿ ನ್ಯೂಸ್‌ಪೇಪರ್ ಒಂದನ್ನು ಕಾಂಪೌಂಡ್ ಗೋಡೆಗೆ ಅಂಟಿಸಿ. ಟ್ರೈಪಾಡ್ ಹಾಕಿ, ಸ್ಟೆಬಿಲೈಸೇಷನ್ ಆಫ್ ಮಾಡಿ, ಟೈಮರ್‌ನಲ್ಲಿ ತೆಗೆಯಿರಿ. ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಬಿಚ್ಚಿ. ಸಣ್ಣ ಅಕ್ಷರ ಓದಲು ಬಂದರೆ ಲೆನ್ಸ್ ಸರಿ ಇದೆ. ಅಕ್ಷರ ಮಸುಕಾಗಿದ್ದು, ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂಬದಿಯ ಪರದೆ ನೋಡುತ್ತಾ) ಕೈಯಿಂದ ಫೋಕಸ್ ಮಾಡಿದಾಗ ಸರಿಹೋದರೆ ದೋಷ ಆಟೊಫೋಕಸ್‌ನದು, ಅದನ್ನು ಸರಿಪಡಿಸಬಹುದು. ಮಧ್ಯಾಹ್ನದ ಬಯಲಿನಲ್ಲಿ ದೂರದ ಹಕ್ಕಿ ತೆಗೆದು ಲೆನ್ಸ್ ಅಳೆಯಬೇಡಿ. ಬಿಸಿಗಾಳಿ ಕುದಿಯುವಾಗ ಎಷ್ಟು ದುಬಾರಿ ಪ್ರೈಮ್ ಆದರೂ ಮಸುಕೇ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ. ಹಳೆಯ ಟೆಲಿ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮೊದಲು ಫಂಗಸ್. ಮಲೆನಾಡಿನ ಮಳೆಗಾಲ ಲೆನ್ಸ್‌ಗೆ ಒಳ್ಳೆಯದಲ್ಲ. ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ದೂಳಿನ ಚುಕ್ಕೆ ಇದ್ದರೆ ಫೋಟೊದಲ್ಲಿ ಕಾಣುವುದಿಲ್ಲ. ಬೇರಿನಂತೆ ಕವಲೊಡೆದ ತೆಳುವಾದ ಎಳೆ ಕಂಡರೆ ಅದು ಫಂಗಸ್. ಉದ್ದಕ್ಕೆ ಚಾಚುವ ಜೂಮ್‌ಗಳು ಚಾಚಿದಾಗಲೆಲ್ಲ ಹೊರಗಿನ ಗಾಳಿ ಎಳೆದುಕೊಳ್ಳುತ್ತವೆ, ಹಾಗಾಗಿ ಅವನ್ನು ಇನ್ನೂ ಗಮನವಿಟ್ಟು ನೋಡಿ. ಫಂಗಸ್ ಮೇಲಿನ ಗಾಜಿನಲ್ಲಿದ್ದರೆ ಒರೆಸಿ ತೆಗೆಯಬಹುದು. ಒಳಗಿದ್ದರೆ ಬಿಚ್ಚಿಸಬೇಕು, ಕೋಟಿಂಗ್ ತಿಂದಿದ್ದರೆ ಆ ಗುರುತು ಹೋಗುವುದೂ ಇಲ್ಲ. ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಿ. ತಂದ ಮೇಲೆ ಲೆದರ್ ಕೇಸ್‌ನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವಾಂಶ ಮೀಟರ್ ಸಾಕು. ಮುಳ್ಳು 40ರಿಂದ 50 ಪರ್ಸೆಂಟ್ ನಡುವೆ ಇರಲಿ.