ಜಿಡಿಪಿ ಇಷ್ಟು ಬೆಳೆದರೂ ಕಿರಾಣಿ ಅಂಗಡಿಯಲ್ಲಿ ಇನ್ನೂ ಒಂದು ರೂಪಾಯಿ ಶಾಂಪೂ ಸ್ಯಾಶೆ ಯಾಕೆ ನೇತಾಡುತ್ತಿದೆ?

ಒಟ್ಟು ಜಿಡಿಪಿ ನೋಡಿದರೆ ಭಾರತ ದೊಡ್ಡ ಮಾರುಕಟ್ಟೆ. ತಲೆಗೆ ಹಂಚಿದರೆ ವರ್ಷಕ್ಕೆ 3,000 ಡಾಲರ್ ಕೂಡ ದಾಟುವುದಿಲ್ಲ, ಅದೂ ಸರಾಸರಿ. ದುಡಿಯುವವರಲ್ಲಿ ಶೇ. 40ಕ್ಕೂ ಹೆಚ್ಚು ಜನ ಕೃಷಿಯಲ್ಲಿದ್ದಾರೆ, ಜಿಡಿಪಿಯಲ್ಲಿ ಅದರ ಪಾಲು ಐದನೇ ಒಂದು ಭಾಗದಷ್ಟೂ ಇಲ್ಲ. ಬೆಳವಣಿಗೆ ಎಲ್ಲರ ಜೇಬಿಗೂ ಒಂದೇ ಸಮ ಇಳಿದಿಲ್ಲ.

ಆದರೆ ನಿಜವಾದ ವಿಷಯ ಎಷ್ಟು ದುಡ್ಡು ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದು. ಸಂಜೆ ಕೂಲಿ ಕೈಗೆ ಬಂದವರು ಅಂಗಡಿ ಮುಂದೆ ನಿಂತು ಕಾಲು ಕೆಜಿ ಸಕ್ಕರೆ, ಒಂದು ಚಹಾಪುಡಿ ಪೊಟ್ಟಣ ಕೇಳಿ, ಕೊನೆಗೆ 'ಹಾಗೇ ಎರಡು ಶಾಂಪೂ ಹರಕೊಡಣ್ಣ' ಅನ್ನುತ್ತಾರೆ. ತಿಂಗಳಿಗಾಗುವ ಬಾಟಲಿಗೆ ಇವತ್ತೇ 200 ರೂಪಾಯಿ ಹಾಕುವುದು ಅವರಿಗೆ ಆಗದ ಮಾತು.

ಇದನ್ನು ದೊಡ್ಡ ಕಂಪನಿಗಳಿಗಿಂತ ಮೊದಲು ಹಿಡಿದವರು ತಮಿಳುನಾಡಿನ ಕಡಲೂರಿನವರು. ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿಯಲ್ಲಿ ಚಿಕ್ ಶಾಂಪೂ ಶುರುಮಾಡಿದರು, ಮುಂದೆ 50 ಪೈಸೆಗೂ ಸ್ಯಾಶೆ ಮಾರಿದರು.

ಇನ್ನು 'ಬಡವರು ಚಿಕ್ಕದು ಕೊಂಡು ಹೆಚ್ಚು ತೆರುತ್ತಾರೆ' ಎಂಬ ಮಾತು ಎಲ್ಲ ಕಡೆ ಸರಿಯಲ್ಲ. ಮಿಲಿ ಲೆಕ್ಕ ಹಾಕಿ ನೋಡಿ, ಕೆಲವು ಶಾಂಪೂಗಳಲ್ಲಿ ಸ್ಯಾಶೆಯೇ ಬಾಟಲಿಗಿಂತ ಅಗ್ಗ! ಬಿಸ್ಕತ್ತಿನಲ್ಲಿ ಮಾತ್ರ ಆಟ ಬೇರೆ: 5 ರೂಪಾಯಿ ಹಾಗೇ ಇರುತ್ತದೆ, ಪೊಟ್ಟಣದ ತೂಕ ಸದ್ದಿಲ್ಲದೆ ಇಳಿಯುತ್ತದೆ.